ಸೀಸದ ಕಂಡಿಯಲ್ಲಿ ಕಂಡ ದೇಹ

ಬೆಳಗ್ಗೆ ಏಳು ಗಂಟೆ. ಬೆಂಗಳೂರಿನ ದೊಡ್ಡ ಆಸ್ಪತ್ರೆಯೊಂದರ ನೆಲಮಾಳಿಗೆ. ಮೇಲಿನ ಅಂಗಳದಲ್ಲಿ ಚೀಟಿಗೆ ಆಗಲೇ ಸಾಲು ನಿಂತಿದೆ. ರಾತ್ರಿ ಬಸ್ಸಿನಲ್ಲಿ ಬಂದಿಳಿದವರು ಹೊದಿಕೆ ಮಡಚಿ ಚೀಲಕ್ಕೆ ತುರುಕುತ್ತಿದ್ದಾರೆ. ಕೆಳಗಿನ ಕಾರಿಡಾರಿನಲ್ಲಿ ಫಿನಾಯಿಲ್ ವಾಸನೆ, ಏಸಿಯ ಗುಂಯ್ ಸದ್ದು. ಕೊನೆಯ ಬಾಗಿಲಿನ ಮೇಲೆ ಹಳದಿ ಹಲಗೆ, ಅದರಲ್ಲಿ ಮೂರು ದಳದ ವಿಕಿರಣ ಚಿಹ್ನೆ. ಕೆಳಗೆ ಗರ್ಭಿಣಿಯರೂ ಎದೆಹಾಲು ಕುಡಿಸುವ ತಾಯಂದಿರೂ ಮೊದಲೇ ತಿಳಿಸಬೇಕೆಂಬ ಸೂಚನೆ. ಇದು ನ್ಯೂಕ್ಲಿಯರ್ ಮೆಡಿಸಿನ್ ವಿಭಾಗ.

ಒಳಗಿನ ಪುಟ್ಟ ಕೋಣೆಯನ್ನು ಇಲ್ಲಿಯವರು ಹಾಟ್ ಲ್ಯಾಬ್ ಅನ್ನುತ್ತಾರೆ. ಮೇಜಿನ ಮೇಲೆ ಸೀಸದ ಇಟ್ಟಿಗೆಗಳನ್ನು ಒತ್ತಾಗಿ ಜೋಡಿಸಿ ಕಟ್ಟಿದ ಮೋಟುಗೋಡೆ. ಅದರಾಚೆ ಜನರೇಟರ್. ನೋಡಲು ಹಿಡಿಕೆ ಇರುವ ಸಾದಾ ಡಬ್ಬಿ, ಎತ್ತಲು ಹೋದರೆ ಮಾತ್ರ ಕೈಗೆ ಜಗ್ಗುವ ತೂಕ. ಅಷ್ಟೂ ಸೀಸ. ನಟ್ಟನಡುವೆ ಬೆರಳುದ್ದದ ಗಾಜಿನ ಕೊಳವೆ. ಅದರಲ್ಲಿ ಅಲ್ಯೂಮಿನಾ ಪುಡಿ. ಆ ಪುಡಿಗೆ ಅಂಟಿಕೊಂಡಿರುವುದು ಮಾಲಿಬ್ಡಿನಮ್-99. ಎದೆಯ ಮೇಲೆ, ಮೈಗೆ ತಗಲುವ ವಿಕಿರಣ ಅಳೆಯುವ ಟಿಎಲ್‌ಡಿ ಬ್ಯಾಡ್ಜ್ ಸಿಕ್ಕಿಸಿಕೊಂಡ ತಂತ್ರಜ್ಞೆ ಕೈಗವಸು ಎಳೆದುಕೊಂಡು, ಒಂದು ಸೂಜಿಯ ಮೇಲೆ ಸಲೈನ್ ಶೀಷೆಯನ್ನೂ ಇನ್ನೊಂದರ ಮೇಲೆ ಗಾಳಿ ತೆಗೆದ ಖಾಲಿ ಶೀಷೆಯನ್ನೂ ಒತ್ತಿ ಕೂರಿಸುತ್ತಾರೆ. ಖಾಲಿ ಶೀಷೆಯ ಎಳೆತಕ್ಕೆ ಸಲೈನ್ ಪುಡಿಯ ಮೂಲಕ ಹಾಯ್ದು ಬರುತ್ತದೆ. ಗುಳುಗುಳು ಸದ್ದು, ಆಮೇಲೆ ಮೌನ. ಶೀಷೆ ತುಂಬಿತು. ನೀರಿನಷ್ಟೇ ತಿಳಿ. ಬಣ್ಣವಿಲ್ಲ, ವಾಸನೆಯಿಲ್ಲ, ಹೊಳಪಿಲ್ಲ. ಇಕ್ಕುಳದಲ್ಲಿ ಹಿಡಿದು ಅಳತೆಯ ಬಾವಿಗೆ ಇಳಿಸಿದಾಗಷ್ಟೇ ಪಕ್ಕದ ಪರದೆಯಲ್ಲಿ ಅಂಕಿ ಜಿಗಿಯುತ್ತದೆ. "ಮಿಲ್ಕಿಂಗ್ ಆಯ್ತು ಸರ್," ಎಂದು ಆಕೆ ಒಳಕೋಣೆಗೆ ಕೂಗಿ ಹೇಳುತ್ತಾರೆ. ಪುಸ್ತಕದಲ್ಲಿ ಗಂಟೆ, ನಿಮಿಷ, ಮಿಲಿಕ್ಯೂರಿ ದಾಖಲಾಗುತ್ತವೆ.

ಆ ತಿಳಿನೀರಿನಲ್ಲಿರುವುದು ಟೆಕ್ನೀಷಿಯಂ-99ಎಂ. 1937ರಲ್ಲಿ ಇಟಲಿಯ ಪಲೆರ್ಮೊದಲ್ಲಿ ಕಾರ್ಲೊ ಪೆರಿಯೆ ಮತ್ತು ಎಮಿಲಿಯೊ ಸೆಗ್ರೆ ಟೆಕ್ನೀಷಿಯಂ ಧಾತುವನ್ನು ಕಂಡುಹಿಡಿದದ್ದು ಬರ್ಕ್ಲಿಯ ಸೈಕ್ಲೊಟ್ರಾನಿನಿಂದ ಬಂದ, ಬಳಸಿ ಬಿಟ್ಟ ಮಾಲಿಬ್ಡಿನಮ್ ತಗಡಿನಲ್ಲಿ. ಮನುಷ್ಯರು ತಯಾರಿಸಿದ ಮೊದಲ ಧಾತು ಅದು. ಅದರ 99ಎಂ ರೂಪದ ಅರ್ಧಾಯುಷ್ಯ ಆರು ಗಂಟೆ. ಬೆಳಗ್ಗೆ ಏಳಕ್ಕೆ ತೆಗೆದದ್ದು ಮಧ್ಯಾಹ್ನ ಒಂದಕ್ಕೆ ಅರ್ಧ, ಸಂಜೆ ಏಳಕ್ಕೆ ಕಾಲು. ಇಷ್ಟು ಬೇಗ ಕರಗುವ ವಸ್ತುವನ್ನು ದೂರದ ಊರಿನಿಂದ ತರಿಸಿ ಇಟ್ಟುಕೊಳ್ಳಲು ಆಗದು. ಅದಕ್ಕೇ ತಾಯಿಯನ್ನೇ ತರಿಸುತ್ತಾರೆ. ಮಾಲಿಬ್ಡಿನಮ್-99ರ ಅರ್ಧಾಯುಷ್ಯ 66 ಗಂಟೆ. ಅದು ಕೊಳವೆಯಲ್ಲಿ ಕುಳಿತು ಹಗಲೂ ರಾತ್ರಿ ಟೆಕ್ನೀಷಿಯಂ ಆಗುತ್ತಲೇ ಇರುತ್ತದೆ. ಇಂದು ಬೆಳಗ್ಗೆ ಪೂರಾ ತೆಗೆದರೂ ನಾಳೆ ಬೆಳಗ್ಗೆಗೆ ಮತ್ತೆ ತುಂಬಿರುತ್ತದೆ. ಅಮೆರಿಕದ ಬ್ರೂಕ್‌ಹೇವನ್ ಪ್ರಯೋಗಾಲಯದಲ್ಲಿ ವಾಲ್ಟರ್ ಟಕರ್ ಮತ್ತು ಮಾರ್ಗರೆಟ್ ಗ್ರೀನ್ 1950ರ ದಶಕದ ಕೊನೆಗೆ ಈ ಏರ್ಪಾಟು ಮಾಡಿದರು. ಅವರ ಸಹೋದ್ಯೋಗಿ ಪವೆಲ್ ರಿಚರ್ಡ್ಸ್ ಇದು ವೈದ್ಯರಿಗೆ ಬೇಕಾದ ವಸ್ತು ಎಂದು ಊರೂರಿಗೆ ಸಾರಿದರು.

ತಾಯಿಗೂ ವಯಸ್ಸಾಗುತ್ತದೆ. ಸೋಮವಾರ ಬಂದ ಜನರೇಟರಿನಲ್ಲಿ ಶನಿವಾರಕ್ಕೆ ಉಳಿಯುವುದು ಕಾಲುಭಾಗಕ್ಕಿಂತ ತುಸು ಹೆಚ್ಚು. ಆದ್ದರಿಂದ ಹೆಚ್ಚು ಪ್ರಮಾಣ ಬೇಡುವ ಸ್ಕ್ಯಾನುಗಳೆಲ್ಲ ವಾರದ ಮೊದಲಿಗೆ, ಕಡಿಮೆ ಸಾಕಾಗುವ ಥೈರಾಯ್ಡ್ ಪರೀಕ್ಷೆಗಳು ವಾರದ ಕೊನೆಗೆ. ಗೋಡೆಯ ಮೇಲಿನ ರೋಗಿಗಳ ಪಟ್ಟಿ ಭೌತಶಾಸ್ತ್ರದ ನಿಯಮದಂತೆ ನಡೆಯುತ್ತದೆ. ಈ ಮಾಲಿಬ್ಡಿನಮ್ ಹುಟ್ಟುವುದು ಬೆರಳೆಣಿಕೆಯ ಪರಮಾಣು ರಿಯಾಕ್ಟರುಗಳಲ್ಲಿ. 2009ರ ಮೇ ತಿಂಗಳಲ್ಲಿ ಕೆನಡಾದ ಚಾಕ್ ರಿವರಿನ ಹಳೆಯ ರಿಯಾಕ್ಟರ್ ಕೆಟ್ಟು ನಿಂತಾಗ, ಮರುವರ್ಷ ನೆದರ್ಲೆಂಡ್ಸಿನ ಪೆಟ್ಟನ್ ರಿಯಾಕ್ಟರೂ ದುರಸ್ತಿಗೆಂದು ನಿಂತಾಗ, ಎಷ್ಟೋ ದೇಶಗಳಲ್ಲಿ ರೋಗಿಗಳ ಸ್ಕ್ಯಾನುಗಳನ್ನು ಮುಂದೂಡಬೇಕಾಯಿತು. ಎಲ್ಲೋ ಒಂದು ರಿಯಾಕ್ಟರಿನ ತೊಟ್ಟಿ ಸೋರಿದರೆ ಇನ್ನೆಲ್ಲೋ ಒಬ್ಬಳ ಮೂಳೆನೋವಿನ ಕಾರಣ ತಿಳಿಯುವುದು ತಿಂಗಳು ತಡವಾಗುತ್ತದೆ. ಈ ನಂಟು ನನಗೆ ಇಂದಿಗೂ ಕಳವಳ ಹುಟ್ಟಿಸುತ್ತದೆ.

ಪಕ್ಕದ ದೊಡ್ಡ ಕೋಣೆಯಲ್ಲಿ ಗಾಮಾ ಕ್ಯಾಮೆರಾ. ಒಳಗೆ ಹೋದರೆ ಮೈ ಜುಮ್ಮೆನ್ನುವಷ್ಟು ಚಳಿ. ರೋಗಿಗಳು ಶಾಲು ಹೊದ್ದು ನಡುಗುತ್ತಾರೆ, ಆದರೂ ಏಸಿ ಆರಿಸುವಂತಿಲ್ಲ. ಯಂತ್ರದ ಹೃದಯ ಸೋಡಿಯಂ ಅಯೊಡೈಡಿನ ಒಂದೇ ಹರಳು. ಅರ್ಧ ಮೀಟರಿನಷ್ಟು ಉದ್ದ, ಒಂದು ಸೆಂಟಿಮೀಟರಿಗೂ ಕಡಿಮೆ ದಪ್ಪ. ಕೋಣೆಯ ತಾಪಮಾನ ಗಕ್ಕನೆ ಏರಿಳಿದರೆ ಅದು ಬಿರುಕು ಬಿಡುತ್ತದೆ. ಗಾಳಿಯ ತೇವ ತಾಗಿದರೆ ಹಳದಿಗಟ್ಟುತ್ತದೆ. ಅಡುಗೆ ಉಪ್ಪಿನ ಹತ್ತಿರದ ನೆಂಟ ಅಲ್ಲವೇ, ನೀರು ಕಂಡರೆ ಹೀರಿಕೊಳ್ಳುವ ಸ್ವಭಾವ. ಅದಕ್ಕೇ ಅಲ್ಯೂಮಿನಿಯಂ ತಗಡಿನೊಳಗೆ ಗಾಳಿಯಾಡದಂತೆ ಮುಚ್ಚಿಟ್ಟಿರುತ್ತಾರೆ.

ದಿನದ ಮೊದಲ ಚಿತ್ರ ಯಾವ ರೋಗಿಯದೂ ಅಲ್ಲ. ಕೋಬಾಲ್ಟ್-57 ಸವರಿದ ಚಪ್ಪಟೆ ಹಲಗೆಯೊಂದನ್ನು ಕ್ಯಾಮೆರಾದ ಮುಖಕ್ಕೆ ಒಡ್ಡುತ್ತಾರೆ. ಹಲಗೆಯ ತುಂಬ ವಿಕಿರಣ ಒಂದೇ ಸಮ, ಹಾಗಾಗಿ ಚಿತ್ರವೂ ಒಂದೇ ಸಮ ಬರಬೇಕು. ಹರಳಿನ ಬೆನ್ನಿಗೆ ಸಾಲಾಗಿ ನಿಂತ ಐವತ್ತಕ್ಕೂ ಹೆಚ್ಚು ಫೋಟೊಮಲ್ಟಿಪ್ಲೈಯರ್ ಕೊಳವೆಗಳಲ್ಲಿ ಒಂದು ಹದ ತಪ್ಪಿದ್ದರೂ ಆ ಜಾಗದಲ್ಲಿ ದುಂಡನೆಯ ಮಸುಕು ಕಲೆ ಕಾಣುತ್ತದೆ. ಕಲೆಯನ್ನು ಗಮನಿಸದೆ ರೋಗಿಯನ್ನು ಮಲಗಿಸಿದರೆ ಯಂತ್ರದ ದೋಷ ಆತನ ಮೂಳೆಯ ಮೇಲೆ ಬರುತ್ತದೆ. ತಂತ್ರಜ್ಞೆ ಪರದೆಗೆ ಮುಖ ತಂದು, ಮೂಲೆಯಿಂದ ಮೂಲೆಗೆ ಕಣ್ಣಾಡಿಸಿ, ಸರಿಯಿದೆ ಎಂದು ರುಜು ಹಾಕುತ್ತಾರೆ.

ಎಂಟೂವರೆಯ ಹೊತ್ತಿಗೆ ಬೆಂಚುಗಳು ತುಂಬಿವೆ. ಗಳಗಂಡದ ಊತವನ್ನು ಸೆರಗಿನಲ್ಲಿ ಮುಚ್ಚಿಕೊಂಡ ಹೆಂಗಸು. ಪ್ರಾಸ್ಟೇಟ್ ಕ್ಯಾನ್ಸರಿಗೆ ಚಿಕಿತ್ಸೆ ಪಡೆಯುತ್ತಿರುವ ನಿವೃತ್ತ ಮೇಷ್ಟ್ರು, ಮಡಿಲಲ್ಲಿ ದಪ್ಪ ಫೈಲು. ವಿಜಯಪುರದ ಕಡೆಯ ಗಂಡ ಹೆಂಡತಿ, ಅವರ ಮೂರು ವರ್ಷದ ಮಗ. ಸಕಲೇಶಪುರದ ಕಡೆಯಿಂದ ಬಂದ ಅರವತ್ತೈದು ದಾಟಿದ ಅಜ್ಜಿ, ಜೊತೆಗೆ ಮಗ. ಆಕೆಗೆ ಎರಡು ವರ್ಷದ ಹಿಂದೆ ಸ್ತನ ಕ್ಯಾನ್ಸರಿನ ಆಪರೇಷನ್ ಆಗಿದೆ. ಈಗ ಬೆನ್ನು, ಪಕ್ಕೆ ನೋವು.

"ಇವತ್ತೂ ಕರೆಂಟ್ ಕೊಡ್ತೀರೇನವ್ವ?" ಅಜ್ಜಿಯ ಮೊದಲ ಪ್ರಶ್ನೆ. ವಿಕಿರಣ ಚಿಕಿತ್ಸೆಯನ್ನು ಆಕೆ ಕರೆಯುವುದು ಹಾಗೆ.

"ಇಲ್ಲ ಅಜ್ಜಿ. ಒಂದು ಸಣ್ಣ ಇಂಜೆಕ್ಷನ್, ಆಮೇಲೆ ಫೋಟೊ. ಆ ಮೆಷಿನ್ನಿಂದ ನಿಮ್ಮ ಮೈಗೆ ಏನೂ ಬರಲ್ಲ. ನಿಮ್ಮ ಮೈಯಿಂದ ಬರೋದನ್ನ ಅದು ಹಿಡ್ಕೊಳ್ಳುತ್ತೆ."

ಅಜ್ಜಿ ನಂಬಿದಂತೆ ಕಾಣಲಿಲ್ಲ. ಆದರೆ ಆ ತಂತ್ರಜ್ಞೆ ಹೇಳಿದ ಎರಡು ವಾಕ್ಯದಲ್ಲಿ ಈ ವಿದ್ಯೆಯ ತಿರುಳಿದೆ. ಎಕ್ಸ್‌ರೇ, ಸಿಟಿ ಯಂತ್ರಗಳು ಹೊರಗಿನಿಂದ ಕಿರಣ ಹಾಯಿಸಿ ದೇಹದ ನೆರಳು ಹಿಡಿಯುತ್ತವೆ. ಗಾಮಾ ಕ್ಯಾಮೆರಾ ಯಾವ ಕಿರಣವನ್ನೂ ಬಿಡುವುದಿಲ್ಲ. ಕತ್ತಲಲ್ಲಿ ಕಣ್ಣು ತೆರೆದು ಸುಮ್ಮನೆ ಕಾಯುತ್ತದೆ. ರೋಗಿಯ ಮೈಯೇ ದೀಪ. ಔಷಧಿ ಎಲ್ಲಿ ಹೆಚ್ಚು ಸೇರಿದೆಯೋ ಅಲ್ಲಿ ಹೆಚ್ಚು ಬೆಳಗು, ಸೇರದ ಕಡೆ ಕತ್ತಲು. ಹೀಗೆ ಸಿಗುವ ನಕ್ಷೆ ಅಂಗಾಂಗದ ಆಕಾರಕ್ಕಿಂತ ಹೆಚ್ಚಾಗಿ ಅದು ಮಾಡುತ್ತಿರುವ ಕೆಲಸವನ್ನು ತೋರಿಸುತ್ತದೆ.

ಇಂಥ ನಕ್ಷೆಗಳಲ್ಲಿ ಮೊದಲನೆಯದು ಮೂಡಿದ್ದು ಪ್ಯಾರಿಸಿನ ಒಂದು ಮೇಜಿನ ಖಾನೆಯಲ್ಲಿ. 1896ರ ಫೆಬ್ರವರಿ ಕೊನೆಯ ವಾರ. ಮೋಡ ಕವಿದು ಬಿಸಿಲು ಬಾರದ ಕಾರಣ ಆನ್ರಿ ಬೆಕೆರೆಲ್ ತನ್ನ ಯುರೇನಿಯಂ ಲವಣವನ್ನು, ಕಪ್ಪು ಕಾಗದ ಸುತ್ತಿದ ಫೋಟೊ ಫಲಕದ ಸಮೇತ ಖಾನೆಯೊಳಗಿಟ್ಟ. ಮಾರ್ಚ್ 1ರಂದು ಫಲಕ ತೊಳೆದು ನೋಡಿದರೆ ಲವಣ ಕುಳಿತಿದ್ದ ಜಾಗವೆಲ್ಲ ಕಪ್ಪಾಗಿ ಮೂಡಿತ್ತು. ನಡುವೆ ಇಟ್ಟಿದ್ದ ಲೋಹದ ಶಿಲುಬೆಯ ನೆರಳೂ ಸ್ಪಷ್ಟವಾಗಿ ಬಿದ್ದಿತ್ತು. ಬಿಸಿಲಿನ ನೆರವಿಲ್ಲದೆ ವಸ್ತುವೊಂದು ತಾನೇ ತನ್ನ ಇರವನ್ನು ಬರೆದಿತ್ತು. ಹದಿನೈದು ವರ್ಷಗಳ ಬಳಿಕ ಮ್ಯಾಂಚೆಸ್ಟರಿನಲ್ಲಿ ಓದುತ್ತಿದ್ದ ಹಂಗೆರಿಯ ಯುವಕ ಜಾರ್ಜ್ ಹೆವೆಶಿಗೆ ತನ್ನ ವಸತಿಗೃಹದ ಒಡತಿ ತಟ್ಟೆಯಲ್ಲಿ ಮಿಕ್ಕಿದ್ದನ್ನೇ ಮತ್ತೆ ಬಡಿಸುತ್ತಿದ್ದಾಳೆ ಎಂಬ ಗುಮಾನಿ. ಮಿಕ್ಕ ಊಟಕ್ಕೆ ತುಸು ವಿಕಿರಣ ವಸ್ತು ಬೆರೆಸಿಟ್ಟ, ಕೆಲದಿನಗಳಲ್ಲಿ ಬಡಿಸಿದ ತಿನಿಸಿನ ಎದುರು ವಿದ್ಯುದ್ದರ್ಶಕ ಹಿಡಿದ, ಅದು ಹೌದೆಂದಿತು. ಹೆವೆಶಿಯ ಬಗ್ಗೆ ಎಲ್ಲೆಡೆ ಹೇಳುವ ಕಥೆ ಇದು. ಗುರುತು ಹಾಕಿ ಬಿಡುವುದು, ಆಮೇಲೆ ಅದು ಎಲ್ಲಿಗೆ ಹೋಯಿತೆಂದು ಹುಡುಕುವುದು, ಇದೇ ಉಪಾಯವನ್ನು ಆತ 1923ರಲ್ಲಿ ಅವರೆ ಜಾತಿಯ ಗಿಡದ ಮೇಲೆ, 1935ರಲ್ಲಿ ಇಲಿಗಳ ಮೇಲೆ ಮಾಡಿ ನೋಡಿದ. ಮೂಳೆಯೂ ನಿತ್ಯ ಹೊಸದಾಗುತ್ತಿರುತ್ತದೆ ಎಂದು ಆ ಇಲಿಗಳು ಕಲಿಸಿದವು. 1943ರ ರಸಾಯನಶಾಸ್ತ್ರದ ನೊಬೆಲ್ ಅವನದಾಯಿತು.

ಅಜ್ಜಿಯ ಕೈಗೆ ಈಗ ಚುಚ್ಚುತ್ತಿರುವುದು ಆ ವಿದ್ಯೆಯ ಮರಿಮಗಳು. ಟೆಕ್ನೀಷಿಯಂ ಒಂಟಿಯಾಗಿ ಮೂಳೆಗೆ ಹೋಗದು; ಎಂಡಿಪಿ ಎಂಬ ಫಾಸ್ಫೇಟ್ ಜಾತಿಯ ಪುಡಿಯ ಶೀಷೆಗೆ ಅದನ್ನು ಬೆರೆಸಿ ಕುಲುಕಿ, ಕೆಲ ನಿಮಿಷ ಬಿಟ್ಟರೆ ಜೋಡಿ ಸಿದ್ಧ. ಹೊಸ ಮೂಳೆ ಕಟ್ಟುತ್ತಿರುವ ಜಾಗ ಕಂಡಲ್ಲಿ ಅದು ಹೋಗಿ ಕೂರುತ್ತದೆ. ಹೃದಯದ ಸ್ನಾಯುವಿಗೆ ಬೇರೆ ಜೋಡಿ, ಮೂತ್ರಪಿಂಡಕ್ಕೆ ಬೇರೆ, ಶ್ವಾಸಕೋಶಕ್ಕೆ ಬೇರೆ. ಥೈರಾಯ್ಡಿಗೆ ಜೋಡಿಯೇ ಬೇಡ. ಗ್ರಂಥಿ ಅದನ್ನು ಅಯೋಡಿನ್ ಎಂದೇ ತಿಳಿದು ಎಳೆದುಕೊಳ್ಳುತ್ತದೆ. ಸಿರಿಂಜಿಗೆ ಲೋಹದ ದಪ್ಪ ಕವಚ, ನಡುವೆ ಸೀಸದ ಗಾಜಿನ ಸಣ್ಣ ಕಿಟಕಿ. ಇಪ್ಪತ್ತು ಮಿಲಿಕ್ಯೂರಿ ಎಂದರೆ ಸೆಕೆಂಡಿಗೆ 74 ಕೋಟಿ ಪರಮಾಣುಗಳು ಕಿರಣ ಬಿಡುತ್ತವೆ. ಅಂಕಿ ಕೇಳಿದರೆ ಎದೆ ಧಸಕ್ಕೆನ್ನಬಹುದು. ಆದರೆ ಎಪ್ಪತ್ತು ಕಿಲೋ ತೂಗುವ ಯಾರ ಮೈಯಲ್ಲೇ ಆಗಲಿ, ಹುಟ್ಟಿನಿಂದ ಬಂದ ಪೊಟ್ಯಾಸಿಯಂ-40 ಸೆಕೆಂಡಿಗೆ ನಾಲ್ಕು ಸಾವಿರದಷ್ಟು ಸಲ ಸಿಡಿಯುತ್ತಲೇ ಇರುತ್ತದೆ. ಮೂಳೆ ಸ್ಕ್ಯಾನಿನಿಂದ ದೇಹಕ್ಕೆ ತಗಲುವ ವಿಕಿರಣ ಸುಮಾರು 4 ಮಿಲಿಸೀವರ್ಟ್. ನೆಲ, ಗಾಳಿ, ಆಕಾಶದಿಂದ ಜಗತ್ತಿನ ಮನುಷ್ಯರಿಗೆ ವರ್ಷವೊಂದಕ್ಕೆ ಸರಾಸರಿ 2.4 ಬರುತ್ತದೆ. ಕಾರಣವಿಲ್ಲದೆ ಮಾಡಿಸಬಾರದು, ಕಾರಣವಿದ್ದರೆ ಹೆದರಿ ಬಿಡಬಾರದು. ಈ ಮಾತನ್ನು ಪ್ರತಿ ಆಸ್ಪತ್ರೆಯ ಗೋಡೆಯ ಮೇಲೂ ಕನ್ನಡದಲ್ಲಿ ದಪ್ಪಕ್ಷರದಲ್ಲಿ ಬರೆಸಬೇಕು ಎಂದು ನನ್ನ ಆಸೆ.

"ಈಗ ಮೂರು ಗಂಟೆ ಕಾಯ್ಬೇಕು ಅಜ್ಜಿ. ನೀರು ಚೆನ್ನಾಗಿ ಕುಡೀರಿ. ಬಾತ್‌ರೂಮಿಗೆ ಆ ಕಡೆ ಇರೋದಕ್ಕೇ ಹೋಗಿ, ಬೇರೆದಕ್ಕೆ ಬೇಡ. ಇವತ್ತೊಂದಿನ ಮೊಮ್ಮಕ್ಕಳನ್ನ ತೊಡೆ ಮೇಲೆ ಕೂರಿಸ್ಕೊಬೇಡಿ."

"ಮೊಮ್ಮಗಳು ಊರಲ್ಲವಳೆ. ನಾಳೆ ಎತ್ಕೋಬೋದಾ?"

"ನಾಳೆಯಿಂದ ಧಾರಾಳವಾಗಿ ಎತ್ಕೊಳ್ಳಿ."

ಅಜ್ಜಿ ಕಾಯುವ ಹೊತ್ತಿನಲ್ಲಿ ಮಗುವಿನ ಸರದಿ. ಎಡ ಮೂತ್ರಪಿಂಡ ಊದಿಕೊಂಡಿದೆ ಎಂದು ಸ್ಕ್ಯಾನಿಂಗ್ ವರದಿ ಹೇಳಿದೆ. ದಾರಿ ಕಟ್ಟಿದೆಯೇ, ಎಷ್ಟು ಕೆಲಸ ಮಾಡುತ್ತಿದೆ, ಇವು ತಿಳಿಯಬೇಕು. ಮಗುವನ್ನು ಬಟ್ಟೆಯಲ್ಲಿ ಸುತ್ತಿ ಮಲಗಿಸಿ, ಮೆತ್ತನೆಯ ಪಟ್ಟಿ ಬಿಗಿದು, ತಾಯಿಯನ್ನು ತಲೆಯ ಬಳಿ ಕೂರಿಸಿದ್ದಾರೆ. ಅಪ್ಪನ ಕೈಯಲ್ಲಿ ಮೊಬೈಲು, ಅದರಲ್ಲಿ ಕಾರ್ಟೂನು. ಇಲ್ಲಿ ಕಾಯುವ ಮಾತಿಲ್ಲ. ಸೂಜಿ ಚುಚ್ಚಿದ ಕ್ಷಣಕ್ಕೇ ಕ್ಯಾಮೆರಾ ಶುರು. ಪರದೆಯಲ್ಲಿ ಮೊದಲು ಹೃದಯ ಮಿಂಚಿ ಮಾಯವಾಯಿತು, ಬೆನ್ನಹುರಿಗೆ ಸಮನಾಗಿ ಮಹಾಧಮನಿಯ ಗೆರೆ ಇಳಿಯಿತು, ಅದರ ಎರಡೂ ಮಗ್ಗುಲಲ್ಲಿ ಮೂತ್ರಪಿಂಡಗಳು ಮೂಡಿದವು. ಬಲದ್ದು ತುಂಬಿಕೊಂಡು, ಕೆಲವು ನಿಮಿಷಕ್ಕೆ ಖಾಲಿಯಾಗತೊಡಗಿತು. ಎಡದ್ದು ತುಂಬುತ್ತಲೇ ಹೋಯಿತು. ಎರಡರ ಮೇಲೂ ಗಡಿ ಎಳೆದರೆ ಕಂಪ್ಯೂಟರ್ ಎರಡು ಗೆರೆ ಬಿಡಿಸುತ್ತದೆ: ಒಂದು ಏರಿ ಇಳಿಯಿತು, ಇನ್ನೊಂದು ಏರುತ್ತಲೇ ಇತ್ತು. ನಡುವೆ ಮೂತ್ರ ಹೆಚ್ಚಿಸುವ ಲಾಸಿಕ್ಸ್ ಕೊಟ್ಟರು. ಹತ್ತು ನಿಮಿಷದಲ್ಲಿ ಎಡದ ಗೆರೆಯೂ ತಲೆ ಬಾಗಿಸಿ ಇಳಿಯತೊಡಗಿದಾಗ ಕನ್ಸೋಲಿನ ಮುಂದಿದ್ದ ವೈದ್ಯರು ಕುರ್ಚಿಗೆ ಒರಗಿದರು. ಊತವಿದೆ, ಆದರೆ ದಾರಿ ಮುಚ್ಚಿಲ್ಲ. ಸದ್ಯಕ್ಕೆ ಕತ್ತರಿ ಹಾಕುವ ಅಗತ್ಯ ಕಾಣುವುದಿಲ್ಲ, ಆರು ತಿಂಗಳು ಬಿಟ್ಟು ಮತ್ತೆ ನೋಡೋಣ ಎಂದರು.

"ಹಂಗಾರ ಆಪರೇಷನ್ ಬ್ಯಾಡೇನ್ರೀ ಸರ?" ಎಂದು ಅಪ್ಪ ಎರಡು ಸಲ ಕೇಳಿದ.

ಮಧ್ಯಾಹ್ನ ಹನ್ನೆರಡು. ಅಜ್ಜಿಯನ್ನು ಕರೆಯುತ್ತಾರೆ. ಬಳೆ, ಸರ ಬಿಚ್ಚಿಸಿ, ಇನ್ನೊಮ್ಮೆ ಬಾತ್‌ರೂಮಿಗೆ ಕಳಿಸಿ, ಕಿರಿದಾದ ಹಲಗೆಯ ಮೇಲೆ ಅಂಗಾತ ಮಲಗಿಸುತ್ತಾರೆ. ಮೇಲೊಂದು, ಕೆಳಗೊಂದು, ಎರಡು ಚೌಕ ಮುಖಗಳು. ಮೇಲಿನದು ಮೂಗಿಗೆ ತಾಗುವಷ್ಟು ಹತ್ತಿರ ಇಳಿದಾಗ ಅಜ್ಜಿ ಕಣ್ಣು ಬಿಗಿಯಾಗಿ ಮುಚ್ಚಿಕೊಂಡರು. ಹತ್ತಿರ ತಂದಷ್ಟೂ ಚಿತ್ರ ತಿಳಿಯಾಗುತ್ತದೆ, ಅದಕ್ಕೇ ಈ ಒತ್ತಾಯ.

ಆ ಮುಖದ ಹೊದಿಕೆ ತೆಗೆದಾಗ ನಾನು ಹತ್ತಿರದಿಂದ ನೋಡಿದ್ದೇನೆ. ಸೀಸದ ದಪ್ಪ ಫಲಕ, ಅದರ ತುಂಬ ಜೇನುಹಲ್ಲೆಯಂತೆ ಆರು ಮೂಲೆಯ ಸಣ್ಣ ಸಣ್ಣ ಕಂಡಿಗಳು. ಒಂದೊಂದೂ ಒಂದೂವರೆ ಮಿಲಿಮೀಟರಿನಷ್ಟು ಅಗಲ, ಅದರ ಹತ್ತಾರು ಪಟ್ಟು ಆಳ. ನಡುವಿನ ಗೋಡೆ ಕಾಗದದಷ್ಟು ತೆಳು. ಇಂಥ ಕಂಡಿಗಳು ಹತ್ತಾರು ಸಾವಿರ. ಇದರ ಹೆಸರು ಕಾಲಿಮೇಟರ್. ಮಾಮೂಲಿ ಕ್ಯಾಮೆರಾದ ಮಸೂರ ಬೆಳಕನ್ನು ಬಗ್ಗಿಸಿ ಒಂದೆಡೆ ಸೇರಿಸುತ್ತದೆ. ಗಾಮಾ ಕಿರಣ ಯಾವ ಗಾಜಿಗೂ ಬಗ್ಗದು. ಅದು ಬಂದ ದಿಕ್ಕು ತಿಳಿಯಲು ಉಳಿದಿರುವ ದಾರಿ ಒಂದೇ: ನೇರ ಬಂದದ್ದನ್ನು ಮಾತ್ರ ಒಳಬಿಟ್ಟು ಓರೆಯಾಗಿ ಬಂದದ್ದನ್ನೆಲ್ಲ ಸೀಸಕ್ಕೆ ಬಲಿಕೊಡುವುದು. ಹತ್ತು ಸಾವಿರ ಕಿರಣ ಹೊರಟರೆ ಕಂಡಿ ದಾಟಿ ಹರಳು ಮುಟ್ಟುವುದು ಒಂದರ ಆಸುಪಾಸು. ಇಷ್ಟೊಂದನ್ನು ಬಿಟ್ಟುಕೊಟ್ಟು ಇಷ್ಟೇ ಇಷ್ಟನ್ನು ಉಳಿಸಿಕೊಂಡು ನಕ್ಷೆ ಬಿಡಿಸುವ ಈ ಸಾಧನ ನನಗೆ ಮನುಷ್ಯನ ಜಾಣ್ಮೆಯ ಅತ್ಯಂತ ಸುಂದರ ಉದಾಹರಣೆಗಳಲ್ಲಿ ಒಂದಾಗಿ ಕಾಣುತ್ತದೆ.

ದಾಟಿ ಬಂದ ಆ ಒಂದು ಕಿರಣ ಹರಳಿನೊಳಗೆ ನಿಂತಲ್ಲಿ ನೀಲಿ ಬೆಳಕಿನ ಕಿಡಿ ಹಾರುತ್ತದೆ. ಸುಮಾರು ಐದು ಸಾವಿರ ಬೆಳಕಿನ ಕಣಗಳ ಕಿಡಿ. ಸೆಕೆಂಡಿನ ಹತ್ತು ಲಕ್ಷದ ಒಂದು ಭಾಗದೊಳಗೆ ಆರಿಹೋಗುತ್ತದೆ. ಬೆನ್ನಿಗಿರುವ ಕೊಳವೆಗಳು ಅದನ್ನು ಹಿಡಿದು ಲಕ್ಷಾಂತರ ಪಟ್ಟು ಹಿಗ್ಗಿಸಿ ವಿದ್ಯುತ್ತಿನ ಮಿಡಿತವಾಗಿಸುತ್ತವೆ. ಕಿಡಿಗೆ ಹತ್ತಿರದ ಕೊಳವೆಗೆ ಹೆಚ್ಚು ಬೆಳಕು, ದೂರದ್ದಕ್ಕೆ ಕಡಿಮೆ. ಯಾರಿಗೆ ಎಷ್ಟು ಸಿಕ್ಕಿತು ಎಂದು ತೂಗಿ ನೋಡಿದರೆ ಕಿಡಿ ಹಾರಿದ ಜಾಗ ಮೂರ್ನಾಲ್ಕು ಮಿಲಿಮೀಟರಿನ ನಿಖರತೆಯಲ್ಲಿ ತಿಳಿಯುತ್ತದೆ. ಎಲ್ಲ ಕೊಳವೆಗಳ ಪಾಲನ್ನೂ ಕೂಡಿಸಿದರೆ ಕಿರಣದ ಶಕ್ತಿ ತಿಳಿಯುತ್ತದೆ. ಅದು 140 ಕಿಲೋ ಎಲೆಕ್ಟ್ರಾನ್‌ವೋಲ್ಟಿನ ಆಸುಪಾಸಿದ್ದರೆ ಸೈ. ತೀರ ಕಡಿಮೆಯಿದ್ದರೆ ಮೈಯೊಳಗೇ ಎಲ್ಲೋ ಡಿಕ್ಕಿ ಹೊಡೆದು ದಾರಿ ತಪ್ಪಿ ಬಂದದ್ದು, ಅದನ್ನು ಲೆಕ್ಕಕ್ಕೆ ಸೇರಿಸುವುದಿಲ್ಲ.

ಈ ತೂಗುವ ಉಪಾಯ ಹಾಲ್ ಆಂಗರನದು. ಕ್ಯಾಲಿಫೋರ್ನಿಯಾದ ಬರ್ಕ್ಲಿಯ ಡಾನರ್ ಪ್ರಯೋಗಾಲಯದಲ್ಲಿ ಕೆಲಸಕ್ಕಿದ್ದ ಎಲೆಕ್ಟ್ರಾನಿಕ್ಸ್ ಎಂಜಿನಿಯರ್ ಆತ. ಅವನಿಗಿಂತ ಮುಂಚೆ ಥೈರಾಯ್ಡಿನ ನಕ್ಷೆ ಬೇಕೆಂದರೆ ಕತ್ತಿನ ಮೇಲೆ ಚೌಕಗಳ ಜಾಲರಿ ಎಳೆದುಕೊಂಡು, ಒಂದೊಂದು ಚೌಕದ ಮೇಲೂ ಗೈಗರ್ ಕೌಂಟರ್ ಹಿಡಿದು, ಎಣಿಸಿ ಬರೆದುಕೊಳ್ಳಬೇಕಿತ್ತು. 1951ರ ಹೊತ್ತಿಗೆ ಲಾಸ್ ಏಂಜಲೀಸಿನಲ್ಲಿ ಬೆನೆಡಿಕ್ಟ್ ಕ್ಯಾಸೆನ್ ಆ ಕೈಯ ಕೆಲಸವನ್ನು ಮೋಟಾರಿಗೆ ಒಪ್ಪಿಸಿದ. ಹರಳು ಕಟ್ಟಿದ ತೋಳು ಕತ್ತಿನ ಮೇಲೆ ಎಡದಿಂದ ಬಲಕ್ಕೆ, ಬಲದಿಂದ ಎಡಕ್ಕೆ ಗೆರೆಗೆರೆಯಾಗಿ ಸರಿಯುತ್ತಿತ್ತು. ಕಿರಣ ಸಿಕ್ಕಿದಂತೆಲ್ಲ ಕಾಗದದ ಮೇಲೆ ಚುಕ್ಕಿ ಬೀಳುತ್ತಿತ್ತು. ಒಳ್ಳೆಯ ಯಂತ್ರ, ಎಷ್ಟೋ ವರ್ಷ ಆಸ್ಪತ್ರೆಗಳನ್ನು ಆಳಿತು. ಆದರೆ ಅದರ ಕಣ್ಣಿಗೆ ಒಮ್ಮೆಗೆ ಕಾಣುವುದು ಒಂದೇ ಚುಕ್ಕಿಯಷ್ಟು ಜಾಗ. ಮಗುವಿನ ಮೂತ್ರಪಿಂಡ ತುಂಬಿ ಖಾಲಿಯಾಗುವುದನ್ನು ಅದು ಹಿಡಿಯಲಾರದು. ಒಂದು ತುದಿಯಿಂದ ಇನ್ನೊಂದು ತುದಿಗೆ ಹೋಗುವಷ್ಟರಲ್ಲಿ ನಡೆಯಬೇಕಾದ್ದು ನಡೆದು ಮುಗಿದಿರುತ್ತಿತ್ತು.

ಇಡೀ ಜಾಗವನ್ನು ಒಟ್ಟಿಗೆ ನೋಡುವ ಕಣ್ಣು ಬೇಕು ಎಂದು ಆಂಗರ್ ಹಟ ಹಿಡಿದ. 1952ರಲ್ಲಿ ಸೂಜಿರಂಧ್ರದ ಕ್ಯಾಮೆರಾ ಮಾಡಿ ಫಿಲ್ಮಿನ ಮೇಲೆ ಚಿತ್ರ ಹಿಡಿದ. ಅದಕ್ಕೆ ಬಹಳ ಹೊತ್ತು ಬೇಕಾಗುತ್ತಿತ್ತು. ಫಿಲ್ಮ್ ಬಿಟ್ಟು ಕೊಳವೆಗಳಿಗೆ ಬಂದ. 1957ರಲ್ಲಿ ಮೊದಲ ಸಿಂಟಿಲೇಷನ್ ಕ್ಯಾಮೆರಾ ಸಿದ್ಧವಾಯಿತು: ನಾಲ್ಕು ಅಂಗುಲದ ಹರಳು, ಅದರ ಬೆನ್ನಿಗೆ ಏಳು ಕೊಳವೆ. ಹರಳಿನಲ್ಲಿ ಕಿಡಿ ಹಾರಿದಾಗಲೆಲ್ಲ ಆಸಿಲೋಸ್ಕೋಪಿನ ಪರದೆಯ ಮೇಲೆ ಅದೇ ಜಾಗದಲ್ಲಿ ಚುಕ್ಕಿ ಮಿನುಗುತ್ತಿತ್ತು. 1958ರಲ್ಲಿ ಅದರ ವಿವರ ಪ್ರಕಟವಾಯಿತು. ಆಮೇಲೆ ಕಂಪ್ಯೂಟರ್ ಬಂತು, ಹರಳು ಹಿಗ್ಗಿತು, ಕೊಳವೆಗಳು ಹೆಚ್ಚಿದವು, ಮುಖಗಳು ಎರಡಾದವು. ಲೆಕ್ಕಾಚಾರದ ತಿರುಳು ಇಂದಿಗೂ ಆಂಗರನದೇ. ನೆಲಮಾಳಿಗೆಯ ಈ ಯಂತ್ರವೂ ಹಾಗೇ ಎಣಿಸುತ್ತದೆ. ಕಾಕತಾಳೀಯವೆಂದರೆ ಬಾಗಿಲ ಮೇಲಿನ ಮೂರು ದಳದ ಚಿಹ್ನೆಯೂ ಹುಟ್ಟಿದ್ದು 1946ರಲ್ಲಿ, ಬರ್ಕ್ಲಿಯಲ್ಲೇ.

ಭಾರತದಲ್ಲಿ ಈ ವಿದ್ಯೆ ಬೇರೂರಿದ್ದು 1960ರ ದಶಕದ ಆರಂಭದಲ್ಲಿ, ದೆಹಲಿಯ ಇನ್ಮಾಸ್ ಸಂಸ್ಥೆ ಮತ್ತು ಮುಂಬಯಿಯ ರೇಡಿಯೇಷನ್ ಮೆಡಿಸಿನ್ ಸೆಂಟರಿನಿಂದ. ಆಗಿನ ತಂತ್ರಜ್ಞರಿಗೆ ಈಗಿನಂತೆ ಶೀಷೆ ಒತ್ತಿ ಕೂರಿಸಿದರೆ ಮುಗಿಯುವ ಸುಖವಿರಲಿಲ್ಲ. ನಮ್ಮ ದೇಶದಲ್ಲಿ ಬಹುಕಾಲ ಟೆಕ್ನೀಷಿಯಂ ತೆಗೆಯುತ್ತಿದ್ದದ್ದು ಎಂಇಕೆ ಎಂಬ ದ್ರಾವಕದಿಂದ. ಬೆಳಗ್ಗೆ ಎದ್ದು, ಹೊಗೆಗೂಡಿನ ಮುಂದೆ ನಿಂತು, ಕಲಕಿ, ಪದರ ಬೇರ್ಪಡಿಸಿ, ಆವಿಯಾಗಿಸಿ, ಉಳಿದದ್ದನ್ನು ಸಲೈನಿಗೆ ಸೇರಿಸುವುದು. ಹಿರಿಯ ತಂತ್ರಜ್ಞರಿಗೆ ಆ ದ್ರಾವಕದ ವಾಸನೆ ಇಂದಿಗೂ ಮೂಗಿನಲ್ಲಿದೆ.

ಅಜ್ಜಿಯ ಹಲಗೆ ಸರಿಯುತ್ತಿದೆ. ನಿಮಿಷಕ್ಕೆ ಗೇಣಿಗಿಂತ ಕಡಿಮೆ. ಕನ್ಸೋಲಿನ ಬಿಳಿ ಪರದೆಯ ಮೇಲೆ ಮೊದಲಿಗೆ ಮಳೆಯ ಮೊದಲ ಹನಿ ಬಿದ್ದ ಮಣ್ಣಿನ ಅಂಗಳ. ಅಲ್ಲೊಂದು ಚುಕ್ಕಿ, ಇಲ್ಲೊಂದು. ಒತ್ತಾಗುತ್ತಾ ಹೋದಂತೆ ತಲೆಬುರುಡೆಯ ಅಂಚು ಕಟ್ಟುತ್ತದೆ, ದವಡೆ ಬರುತ್ತದೆ, ಕತ್ತಿನ ಮಣಿಗಳು ಒಂದರ ಕೆಳಗೊಂದು ಇಳಿಯುತ್ತವೆ, ಭುಜದ ಕೀಲುಗಳು ಗಾಢವಾಗುತ್ತವೆ. ಬಲಗೈಯ ಮಡಿಕೆಯಲ್ಲಿ ಕಪ್ಪು ಕಲೆ. ಅದು ಸೂಜಿ ಚುಚ್ಚಿದ ಜಾಗ, ಹೆದರಬೇಕಿಲ್ಲ. ಎದೆಗೂಡು. ಬೆನ್ನುಮೂಳೆ. ಮೂತ್ರಪಿಂಡಗಳು ತಿಳಿಯಾಗಿ, ಮೂತ್ರಕೋಶ ಗಾಢವಾಗಿ. ತೊಡೆ, ಮಂಡಿ, ಪಾದ. ಇಪ್ಪತ್ತು ನಿಮಿಷದಲ್ಲಿ ಹತ್ತು ಹದಿನೈದು ಲಕ್ಷ ಚುಕ್ಕಿಗಳು ಸೇರಿ ಒಂದು ಅಸ್ಥಿಪಂಜರ. ಒಂದೊಂದು ಚುಕ್ಕಿಯೂ ಅಜ್ಜಿಯ ಮೂಳೆಯ ಒಂದು ಪರಮಾಣುವಿನಿಂದ ಹೊರಟು, ಮೈ ದಾಟಿ, ಸೀಸದ ಕಂಡಿ ದಾಟಿ ಬಂದ ಒಂದೇ ಒಂದು ಕಿರಣ.

ಬಲಪಕ್ಕದ ಎದೆಗೂಡಿನಲ್ಲಿ ಮೂರು ಕಪ್ಪು ಗಂಟು. ಸೊಂಟದ ಬೆನ್ನುಮೂಳೆಯಲ್ಲಿ ಇನ್ನೊಂದು.

ಕನ್ಸೋಲಿನ ಹಿಂದೆ ನಿಂತಿದ್ದ ಮಗನ ಕಣ್ಣು ಆ ಗಂಟುಗಳ ಮೇಲೆ ನಿಂತಿತು. ಸ್ತನ ಕ್ಯಾನ್ಸರ್ ಮೂಳೆಗೆ ಹರಡುವುದುಂಟು ಎಂದು ಅವನಿಗೆ ಯಾರೋ ಹೇಳಿದ್ದಾರೆ. ಹರಡಿದ ಜಾಗದಲ್ಲಿ ಮೂಳೆ ತನ್ನನ್ನು ತಾನು ಕಟ್ಟಿಕೊಳ್ಳಲು ಹೆಣಗುತ್ತದೆ, ಔಷಧಿ ಅಲ್ಲಿ ಹೋಗಿ ಕೂರುತ್ತದೆ, ಎಕ್ಸ್‌ರೇ ಇನ್ನೂ ಏನೂ ತೋರಿಸದಿರುವಾಗಲೇ ಈ ನಕ್ಷೆ ತೋರಿಸುತ್ತದೆ. ಇದು ಅದರ ಶಕ್ತಿ. ಮಿತಿಯೂ ಅಲ್ಲೇ ಇದೆ. ಹೊಸ ಮೂಳೆ ಕಟ್ಟುತ್ತಿದೆ ಎಂದಷ್ಟೇ ನಕ್ಷೆ ಹೇಳುತ್ತದೆ. ಯಾಕೆ ಎಂಬುದನ್ನು ಓದುವವರು ತಿಳಿಯಬೇಕು. ಮುರಿದು ಕೂಡುತ್ತಿರುವ ಮೂಳೆಯೂ ಕಪ್ಪು, ಸವೆದ ಕೀಲೂ ಕಪ್ಪು, ಬೆಳೆಯುವ ಮಕ್ಕಳ ಮೂಳೆಯ ತುದಿಗಳೂ ಕಪ್ಪು.

ವೈದ್ಯರು ಬೆರಳಿನಿಂದ ಪರದೆಯ ಮೇಲೆ ಆ ಮೂರು ಗಂಟುಗಳನ್ನು ಮುಟ್ಟಿದರು. ಒಂದರ ಕೆಳಗೊಂದು ಪಕ್ಕೆಲುಬು, ಮೂರರಲ್ಲೂ ಒಂದೇ ನೇರಕ್ಕೆ. ಕ್ಯಾನ್ಸರ್ ಹರಡಿದರೆ ಹೀಗೆ ಗೆರೆ ಹಿಡಿದು ಕೂರುವುದು ಅಪರೂಪ. ಪಕ್ಕೆಲುಬಿನ ಉದ್ದಕ್ಕೂ ಹಬ್ಬುತ್ತದೆ, ಅಲ್ಲಲ್ಲಿ ಚದುರುತ್ತದೆ. ಅವರು ಎದ್ದು ಒಳಗೆ ಹೋಗಿ ಅಜ್ಜಿಯ ಪಕ್ಕ ಬಗ್ಗಿ ನಿಂತರು.

"ಅಜ್ಜಿ, ಈಚೆಗೆ ಎಲ್ಲಾದ್ರೂ ಬಿದ್ದಿದ್ರಾ?"

ಅಜ್ಜಿ ಮಗನ ಕಡೆ ನೋಡಿದರು. ಆಮೇಲೆ ಸಣ್ಣ ದನಿಯಲ್ಲಿ, "ಕೊಟ್ಟಿಗೆ ಮೆಟ್ಲಲ್ಲಿ ಜಾರ್ದೆ. ಮಳೆ ಇತ್ತು. ಎರಡು ತಿಂಗಳಾಯ್ತು. ಇವನಿಗೆ ಹೇಳಿಲ್ಲ, ಬೈತಾನೆ ಅಂತ."

ಸೊಂಟದ ಗಂಟಿಗೆ ಉತ್ತರ ಅಷ್ಟು ಸುಲಭಕ್ಕೆ ಸಿಗದು. ಚಪ್ಪಟೆ ಚಿತ್ರದಲ್ಲಿ ಮುಂದಿನದೂ ಹಿಂದಿನದೂ ಒಂದರ ಮೇಲೊಂದು ಬೀಳುತ್ತವೆ. ಹಾಗಾಗಿ ಕ್ಯಾಮೆರಾದ ಮುಖಗಳನ್ನು ಅಜ್ಜಿಯ ಸೊಂಟದ ಸುತ್ತ ಹಂತ ಹಂತವಾಗಿ ತಿರುಗಿಸುತ್ತಾರೆ. ಪ್ರತಿ ಕೋನಕ್ಕೂ ಒಂದು ಚಿತ್ರ. ಅವನ್ನೆಲ್ಲ ಸೇರಿಸಿ ಕಂಪ್ಯೂಟರ್ ದೇಹವನ್ನು ಹೋಳುಹೋಳಾಗಿ ತೋರಿಸುತ್ತದೆ. ಪೆನ್ಸಿಲ್ವೇನಿಯಾದ ಡೇವಿಡ್ ಕೂಲ್ 1960ರ ದಶಕದ ಆರಂಭದಲ್ಲೇ, ಸಿಟಿ ಸ್ಕ್ಯಾನಿಗೂ ಮುಂಚೆ ತೋರಿಸಿಕೊಟ್ಟ ದಾರಿ ಇದು. ಈಗ ಸ್ಪೆಕ್ಟ್ ಎಂಬ ಹೆಸರು. ಈ ಯಂತ್ರಕ್ಕೆ ಸಿಟಿಯೂ ಜೋಡಿಸಿದೆ. ಸಿಟಿಯ ಬೂದು ಮೂಳೆಯ ಮೇಲೆ ಸ್ಪೆಕ್ಟಿನ ಕಿತ್ತಳೆ ಬಣ್ಣ ಹರವಿದಾಗ ಕಲೆ ಕುಳಿತಿದ್ದು ನಾಲ್ಕನೆಯ ಸೊಂಟಮೂಳೆಯ ಹಿಂಬದಿಯ ಕೀಲಿನಲ್ಲಿ. ಕೀಲಿನ ಅಂಚು ಒರಟಾಗಿ, ಮುಳ್ಳುಮುಳ್ಳಾಗಿ ಬೆಳೆದಿತ್ತು. ವಯಸ್ಸಿನ ಸವೆತ. ಮೂಳೆಯ ಮೈಯಲ್ಲಿ ಏನೂ ಇರಲಿಲ್ಲ.

ನಾಲ್ಕು ಗಂಟೆಗೆ ತಂತ್ರಜ್ಞೆ ಕೈಯಲ್ಲಿ ಸರ್ವೆ ಮೀಟರ್ ಹಿಡಿದು ವಿಭಾಗದ ಸುತ್ತು ಹೊರಟಿದ್ದಾರೆ. ಇಂಜೆಕ್ಷನ್ ಕುರ್ಚಿಯ ಕೈ, ಮೇಜಿನ ಅಂಚು, ಸಿಂಕು, ನೆಲದ ಹಾಸು, ಬಾಗಿಲ ಚಿಲಕ. ಮೀಟರ್ ಅಲ್ಲಲ್ಲಿ ಟಿಕ್ ಟಿಕ್ ಅನ್ನುತ್ತದೆ. ಕೋಣೆಯ ನಕ್ಷೆ ಮುದ್ರಿಸಿದ ಹಾಳೆಯ ಮೇಲೆ ಪ್ರತಿ ಜಾಗದ ಎದುರು ಅಂಕಿ ಬರೆಯುತ್ತಾರೆ. ರೋಗಿಯ ಮೈಗೆ ಕ್ಯಾಮೆರಾ ಮಾಡಿದ್ದನ್ನೇ ಕೋಣೆಗೆ ಈಕೆ ನಡೆದಾಡಿ ಮಾಡುತ್ತಿದ್ದಾರೆ. ಸಿಂಕಿನ ಬಳಿ ತುಸು ಹೆಚ್ಚು ಬಂತು; ಒರೆಸಿ, ಮತ್ತೆ ಅಳೆದು, ಒರೆಸಿದ ಬಟ್ಟೆಯನ್ನು ಸೀಸದ ತೊಟ್ಟಿಗೆ ಹಾಕಿದರು. ಸಿರಿಂಜು, ಹತ್ತಿ, ಕೈಗವಸು ಎಲ್ಲವೂ ಅಲ್ಲಿಗೇ. ಹತ್ತು ಅರ್ಧಾಯುಷ್ಯ, ಅಂದರೆ ಎರಡೂವರೆ ದಿನ ಕಳೆದರೆ ಸಾವಿರದಲ್ಲಿ ಒಂದು ಪಾಲಷ್ಟೇ ಉಳಿದಿರುತ್ತದೆ. ಆಮೇಲೆ ಮತ್ತೆ ಅಳೆದು, ಮಾಮೂಲಿ ಆಸ್ಪತ್ರೆ ಕಸದ ಜೊತೆ ಹೊರಗೆ.

ವೈದ್ಯರು ವರದಿ ಬರೆಯುತ್ತಿದ್ದಾರೆ. ಮೂಳೆಗೆ ಕ್ಯಾನ್ಸರ್ ಹರಡಿದ ಲಕ್ಷಣವಿಲ್ಲ. ಬಲಪಕ್ಕದ ಮೂರು ಪಕ್ಕೆಲುಬುಗಳಲ್ಲಿ ಕೂಡುತ್ತಿರುವ ಮುರಿತ. ಸೊಂಟದ ಕೀಲಿನಲ್ಲಿ ಸವೆತ. ಬೆರಳು ಕೀಲಿಮಣೆಯ ಮೇಲೆ ನಿಂತಿತು. ಕೊಟ್ಟಿಗೆಯ ಮೆಟ್ಟಿಲಿನಿಂದ ಜಾರಿದ್ದಕ್ಕೇ ಮೂರು ಎಲುಬು ಮುರಿಯಬೇಕಾದರೆ ಮೂಳೆ ಟೊಳ್ಳಾಗಿರಬೇಕು. ಮೂಳೆಸಾಂದ್ರತೆಯ ಪರೀಕ್ಷೆ ಮಾಡಿಸತಕ್ಕದ್ದು ಎಂದು ಕೊನೆಯ ಸಾಲು ಸೇರಿಸಿ, ಮಗನನ್ನು ಒಳಗೆ ಕರೆದರು. ಮಗ ಕೇಳಿಸಿಕೊಂಡ, ಹೊರಗೆ ಹೋದ, ಬೆಂಚಿನ ಮೇಲೆ ಬಳೆ ತೊಟ್ಟುಕೊಳ್ಳುತ್ತಿದ್ದ ತಾಯಿಯ ಎದುರು ಕುಕ್ಕರುಗಾಲಿನಲ್ಲಿ ಕೂತು, "ಬಿದ್ದಿದ್ದನ್ನ ಹೇಳೋಕೇನಾಗಿತ್ತವ್ವ ನಿಂಗೆ?" ಎಂದು ಶುರುಮಾಡಿದ.